ಬೆವರು: ಮದೀನಾದ ಜುಮಾದಿಂದ ಇಂದಿನ ಚಿಕಿತ್ಸೆಯವರೆಗೆ

ಜುಮಾ ದಿನ ಸ್ನಾನ ಮಾಡಬೇಕು, ಶುಭ್ರ ಬಟ್ಟೆ ಉಡಬೇಕು, ಅತ್ತರ್ ಹಚ್ಚಬೇಕು ಎಂಬುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಶುಕ್ರವಾರ ಹನ್ನೊಂದು ಗಂಟೆಯಾಗುತ್ತಲೇ ಬಚ್ಚಲುಮನೆಯ ಮುಂದೆ ಸರದಿ ನಿಲ್ಲುವುದು ಮಕ್ಕಳಿಗೂ ಅಭ್ಯಾಸ. ಆದರೆ ಈ ಸ್ನಾನ ಹೇಗೆ ಆರಂಭವಾಯಿತು ಎಂದು ಕೇಳಿದರೆ ಉತ್ತರ ಕೊಡುವವರು ಕಡಿಮೆ. ಅದು ಆರಂಭವಾದದ್ದು ಬೆವರಿನ ಒಂದು ಪ್ರಸಂಗದಿಂದ.

ಇರಾಕಿನ ಕೆಲವರು ಇಬ್ನು ಅಬ್ಬಾಸ್(ರ)ರವರ ಬಳಿಗೆ ಬಂದು, ಜುಮಾ ದಿನದ ಸ್ನಾನ ಕಡ್ಡಾಯವೇ ಎಂದು ಕೇಳಿದರು. ಕಡ್ಡಾಯವಲ್ಲ, ಆದರೆ ಮಾಡಿದವನಿಗೆ ಅದು ಹೆಚ್ಚು ಶುದ್ಧಿ, ಹೆಚ್ಚು ಒಳಿತು ಎಂದು ಹೇಳಿದ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದು ಶುರುವಾದ ಬಗೆಯನ್ನೂ ವಿವರಿಸಿದರು. ಇಕ್ರಿಮಾರವರ ಮೂಲಕ ಬಂದ ಈ ವರದಿ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಅದರ ಸಾರ ಹೀಗಿದೆ: ಅಂದಿನ ಜನ ಕಷ್ಟಪಟ್ಟು ದುಡಿಯುವವರು. ಬೆನ್ನ ಮೇಲೆ ಹೊರೆ ಹೊರುವವರು. ಉಡುತ್ತಿದ್ದದ್ದು ಉಣ್ಣೆ. ಮಸೀದಿ ಇಕ್ಕಟ್ಟು, ಮಾಡು ತಗ್ಗು. ಖರ್ಜೂರದ ಗರಿ ಹೊದಿಸಿದ ಚಪ್ಪರ ಅಷ್ಟೆ. ಸುಡುಬಿಸಿಲಿನ ಒಂದು ಜುಮಾ ದಿನ ಪ್ರವಾದಿ(ಸ)ರವರು ಬಂದಾಗ ಜನ ಆ ಉಣ್ಣೆಯೊಳಗೆ ಬೆವತು ಹೋಗಿದ್ದರು. ವಾಸನೆ ಎದ್ದು ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆಯಾಗುತ್ತಿತ್ತು. ಪ್ರವಾದಿ(ಸ)ರವರಿಗೂ ಅದು ತಿಳಿಯಿತು. ಈ ದಿನ ಬಂದಾಗ ಸ್ನಾನ ಮಾಡಿರಿ, ನಿಮ್ಮಲ್ಲಿರುವ ಉತ್ತಮ ಎಣ್ಣೆಯನ್ನೋ ಸುಗಂಧವನ್ನೋ ಹಚ್ಚಿಕೊಳ್ಳಿರಿ ಎಂದು ಆಗ ಅವರು ಎಲ್ಲರಿಗೂ ಹೇಳಿದರು.

ಆಯಿಷಾ(ರ)ರವರ ವರದಿ ಬುಖಾರಿಯಲ್ಲಿದೆ. ಅದರಲ್ಲಿ ದೃಶ್ಯ ಇನ್ನೂ ಹತ್ತಿರದಿಂದ ಕಾಣುತ್ತದೆ. ಜನ ತಮ್ಮ ಮನೆಗಳಿಂದಲೂ ಮದೀನಾದ ಹೊರವಲಯದ ಅವಾಲೀ ಹಳ್ಳಿಗಳಿಂದಲೂ ಜುಮಾಕ್ಕೆ ನಡೆದು ಬರುತ್ತಿದ್ದರು. ದಾರಿಯ ಧೂಳು ಮೆತ್ತಿ ಮೈಯಿಂದ ಬೆವರು ಇಳಿಯುತ್ತಿತ್ತು. ಪ್ರವಾದಿ(ಸ)ರವರು ಆಯಿಷಾ(ರ)ರವರ ಬಳಿ ಇದ್ದಾಗ ಹಾಗೆ ಬಂದ ಒಬ್ಬರನ್ನು ಕಂಡು, ಈ ದಿನಕ್ಕಾಗಿ ನೀವು ಶುಚಿಯಾಗಿ ಬಂದರೆ ಒಳ್ಳೆಯದಿತ್ತು ಎಂಬರ್ಥದಲ್ಲಿ ಹೇಳಿದರಂತೆ. ಇನ್ನೊಂದು ವರದಿಯಲ್ಲಿ ಆಯಿಷಾ(ರ) ಕಾರಣವನ್ನೂ ಕೊಡುತ್ತಾರೆ. ಆ ಜನರಿಗೆ ಆಳುಕಾಳುಗಳಿರಲಿಲ್ಲ, ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಿದ್ದರು, ದುಡಿಯುತ್ತಿದ್ದ ಸ್ಥಿತಿಯಲ್ಲೇ ಜುಮಾಕ್ಕೆ ಹೊರಟು ಬರುತ್ತಿದ್ದರು.

ಈ ಎರಡು ವರದಿಗಳನ್ನು ಒಟ್ಟಿಗೆ ಓದಿದಾಗ ನಮಗೆ ಹೊಳೆಯುವುದು ಒಂದು ವಿಷಯ. ಇಲ್ಲಿ ಯಾರನ್ನೂ ಹೊಲಸು ಜನ ಎಂದು ಬೈದಿಲ್ಲ. ಬೆವತವರು ಮಸೀದಿಗೆ ಬರಬಾರದೆಂದು ಹೇಳಿಲ್ಲ. ಇಂಥವರೆಂದು ಬೆರಳು ತೋರಿಸದೆ ಎಲ್ಲರಿಗೂ ಒಂದೇ ಮಾತು ಹೇಳಲಾಯಿತು. ಕಾರಣಗಳನ್ನು ಇಬ್ನು ಅಬ್ಬಾಸ್(ರ) ಎಣಿಸುವ ರೀತಿಯನ್ನೂ ನೋಡಬೇಕು: ಬಿಸಿಲು, ಉಣ್ಣೆ, ಹೊರೆ, ಇಕ್ಕಟ್ಟು. ಜನರ ಗುಣದೋಷ ಆ ಪಟ್ಟಿಯಲ್ಲಿ ಇಲ್ಲ. ಮುಂದೆ ಅಲ್ಲಾಹನು ಒಳಿತನ್ನು ತಂದನು, ಜನ ಉಣ್ಣೆಯಲ್ಲದ ಬಟ್ಟೆ ಉಟ್ಟರು, ದುಡಿಮೆಯ ಭಾರ ಇಳಿಯಿತು, ಮಸೀದಿ ವಿಶಾಲವಾಯಿತು, ಬೆವರಿನಿಂದ ಪರಸ್ಪರ ಆಗುತ್ತಿದ್ದ ಉಪದ್ರವ ಒಂದಷ್ಟು ಕಡಿಮೆಯಾಯಿತು ಎಂದು ಅವರು ಮಾತು ಮುಗಿಸುತ್ತಾರೆ.

ಮಸೀದಿ ವಿಶಾಲವಾದ ಕಥೆ ನಮಗೆ ಗೊತ್ತಿರುವುದೇ. ಮೊದಲ ಕಟ್ಟಡ ಸುಮಾರು 70 ಮೊಳ ಉದ್ದ, 60 ಮೊಳ ಅಗಲವಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಖೈಬರಿನ ನಂತರ ಅದನ್ನು ಹೆಚ್ಚುಕಡಿಮೆ ನೂರು ಮೊಳದ ಚೌಕವಾಗಿ ಹಿಗ್ಗಿಸಲಾಯಿತು. ಉಮರ್(ರ) ಮತ್ತೆ ದೊಡ್ಡದು ಮಾಡಿದರು. ಉಸ್ಮಾನ್(ರ) ಕಾಲದಲ್ಲಿ ಕೆತ್ತಿದ ಕಲ್ಲಿನ ಗೋಡೆ, ತೇಗದ ಮಾಡು ಬಂದವು. ತೇಗ ಅರಬರ ನಾಡಿನಲ್ಲಿ ಬೆಳೆಯುವ ಮರವಲ್ಲ, ಕಡಲು ದಾಟಿ ನಮ್ಮ ಕಡೆಯಿಂದ ಹೋಗುತ್ತಿದ್ದದ್ದು. ಗರಿಯ ಚಪ್ಪರದ ಕೆಳಗೆ ಬೆವತವರ ಮಕ್ಕಳು ತೇಗದ ಮಾಡಿನ ಕೆಳಗೆ ನಿಂತರು.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಇದು ಗೊತ್ತಿಲ್ಲದೆ ಸಂಕಟಪಡುವವರನ್ನು ನಾವು ಕಂಡಿದ್ದೇವೆ. ಮನುಷ್ಯನ ಬೆವರು ನಜಸ್ ಅಲ್ಲ. ಬೆವತರೆ ವುಝೂ ಮುರಿಯುವುದಿಲ್ಲ. ಬುಖಾರಿಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಸ್ನಾನ ಕಡ್ಡಾಯವಾದ ಸ್ಥಿತಿಯಲ್ಲಿದ್ದವನ ಬೆವರು, ಮತ್ತು ಮುಸ್ಲಿಮನು ಅಶುದ್ಧನಾಗುವುದಿಲ್ಲ ಎಂಬುದು ಅದರ ವಿಷಯ. ಅಬೂಹುರೈರಾ(ರ) ಆ ಸ್ಥಿತಿಯಲ್ಲಿದ್ದಾಗ ಪ್ರವಾದಿ(ಸ)ರವರನ್ನು ದಾರಿಯಲ್ಲಿ ಕಂಡು, ಮುಜುಗರದಿಂದ ಮೆಲ್ಲನೆ ಜಾರಿಕೊಂಡು ಹೋಗಿ ಸ್ನಾನ ಮಾಡಿ ಬಂದ ಪ್ರಸಂಗ ಅಲ್ಲಿದೆ. ಎಲ್ಲಿ ಹೋಗಿದ್ದೆ ಎಂದು ಕೇಳಿ, ಕಾರಣ ತಿಳಿದಾಗ ಪ್ರವಾದಿ(ಸ)ರವರಿಗೆ ಆಶ್ಚರ್ಯವಾಯಿತು. ಬೆವರುವ ಅಂಗೈಯಿಂದ ಮುಸಾಫಹಾ ಮಾಡಿದರೆ ಎದುರಿನವರ ವುಝೂ ಕೆಡುತ್ತದೇನೋ ಎಂದು ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳುವ ಹುಡುಗರಿಗೆ ಈ ಪ್ರಸಂಗವನ್ನು ಹೇಳಬೇಕು.

ಅಂಥ ಹುಡುಗರು ನಮ್ಮ ಸಫ್‌ಗಳಲ್ಲಿ ಇದ್ದಾರೆ. ನಮಾಝ್ ಮುಗಿದು ಸಲಾಂ ಹೇಳುವ ಮೊದಲು ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ. ಕುರ್‌ಆನಿನ ಪುಟ ಒದ್ದೆಯಾಗದಿರಲೆಂದು ಕರವಸ್ತ್ರ ಹಿಡಿದು ಓದುತ್ತಾರೆ. ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಅಂಗೈಗೆ ಅಂಟಿ ಶಾಯಿ ಕದಡುತ್ತದೆ. ಫ್ಯಾನಿನ ಕೆಳಗೆ ಕೂತರೂ, ಡಿಸೆಂಬರಿನಲ್ಲೂ ಹೀಗೆಯೇ. ಇವರ ಕಷ್ಟ ಮದೀನಾದ ಆ ಶ್ರಮಿಕರ ಕಷ್ಟವಲ್ಲ. ಎರಡು ಬಾರಿ ಮಿಂದರೂ ಹೋಗುವುದಿಲ್ಲ. ಇದು ಬೇರೆಯೇ ಎಂದು ವೈದ್ಯರಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಹಿಂದಿನ ವೈದ್ಯರು ಬೆವರನ್ನು ಮುಖ್ಯವಾಗಿ ಜ್ವರದ ಭಾಷೆಯಾಗಿ ಓದುತ್ತಿದ್ದರು. ಯಾವ ದಿನ ಬೆವತಿತು, ತಣ್ಣಗಿತ್ತೋ ಬಿಸಿಯಾಗಿತ್ತೋ, ಬೆವತ ಮೇಲೆ ಜ್ವರ ಇಳಿಯಿತೋ ಎಂದು ಗ್ರೀಕರು ನೋಡಿದರು. ಅವರಿಂದ ಕಲಿತು ಮುಂದುವರಿದ ಇಬ್ನು ಸೀನಾ (980-1037) ಕೂಡ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಹಾಗೆಯೇ ನೋಡಿದರು. ಮೈಯೊಳಗಿನ ಬೇಡದ ದ್ರವ ಚರ್ಮದ ರಂಧ್ರಗಳಿಂದ ಹೊರಬೀಳುತ್ತದೆ ಎಂಬುದು ಅವರ ತಿಳುವಳಿಕೆ. ಅದನ್ನು ಹೊರಗೆ ತಳ್ಳುವ ಗ್ರಂಥಿಯನ್ನು ಆಗ ಯಾರೂ ಕಂಡಿರಲಿಲ್ಲ. ಸೂಕ್ಷ್ಮದರ್ಶಕವಿಲ್ಲದೆ ಕಾಣುವಂಥದ್ದೂ ಅಲ್ಲ ಅದು.

ವಾಸನೆಗೆ ಮಾತ್ರ ಜನ ಯಾವಾಗಲೂ ಮದ್ದು ಹುಡುಕಿದರು. ಇಲ್ಲಿ ಬಗ್ದಾದಿನಿಂದ ಸ್ಪೇನಿನ ಕೊರ್ದೋವಾಕ್ಕೆ 822ರಲ್ಲಿ ಹೋದ ಝಿರ್ಯಾಬ್ ಎಂಬ ಸಂಗೀತಗಾರನ ಹೆಸರು ಬರುತ್ತದೆ. 17ನೇ ಶತಮಾನದ ಇತಿಹಾಸಕಾರ ಅಲ್ ಮಕ್ಕರೀ ಹೇಳುವಂತೆ, ಅಂದಲುಸಿನ ಅರಸರು ಮೊದಲು ಕಂಕುಳಿಗೆ ಗುಲಾಬಿ ಹುಡಿ, ಪರಿಮಳದ ಹೂವಿನ ಹುಡಿ ಮುಂತಾದವನ್ನು ಹಾಕುತ್ತಿದ್ದರು. ಬಟ್ಟೆಗೆ ಕಲೆ ಬೀಳುತ್ತಿತ್ತು. ಮುರ್ದಾಸಂಜ್‌ನಿಂದ ಮಾಡಿದ ‘ಮರ್ತಕ್’ ಹುಡಿಯನ್ನು ಅವರಿಗೆ ಕಲಿಸಿದವನು ಝಿರ್ಯಾಬ್. ಅವನ ಹೆಸರಿಗೆ ಅಂಟಿದ ಕಥೆಗಳು ಬಹಳ. ಎಂಟು ಶತಮಾನ ಕಳೆದ ಮೇಲೆ ಬರೆದ ಎಲ್ಲವನ್ನೂ ನಾವು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಆ ಹುಡಿ ಬಳಕೆಯಲ್ಲಿತ್ತು, ಮತ್ತು ಅದು ವಾಸನೆ ತಡೆಯುತ್ತಿತ್ತು.

ಅದು ಏನೆಂಬುದೇ ಚಿಂತೆಯ ವಿಷಯ. ಮುರ್ದಾಸಂಜ್ ಎಂದರೆ ಸೀಸದ ಆಕ್ಸೈಡ್. ನಮ್ಮ ಹಕೀಮರ ಹಳೆಯ ಪಟ್ಟಿಗಳಲ್ಲಿ ಇದು ಮುರ್ದಾರ್‌ಸಂಗ್. ಸೀಸ ಮೈಗೆ ಸೇರಿದರೆ ರಕ್ತಕ್ಕೆ, ನರಕ್ಕೆ, ಮುಖ್ಯವಾಗಿ ಮಕ್ಕಳ ಮೆದುಳಿಗೆ ವಿಷ. ಇದು ಕೊರ್ದೋವಾದೊಂದಿಗೆ ಮುಗಿದ ಕಥೆಯೂ ಅಲ್ಲ. ಡೊಮಿನಿಕನ್ ಗಣರಾಜ್ಯದ ಕುಟುಂಬಗಳು ‘ಲಿತಾರ್ಹಿರಿಯೊ’ ಎಂಬ ಹೆಸರಿನಲ್ಲಿ ಇದೇ ಹುಡಿಯನ್ನು ಕಂಕುಳಿಗೆ ಹಾಕುತ್ತಿದ್ದವು. ಅದನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2003ರಲ್ಲಿ ಎಚ್ಚರಿಸಬೇಕಾಯಿತು. ಗ್ರಂಥಿಗೆ ಅಂಗಡಿಯಲ್ಲಿ ಹೆಸರು ಗೊತ್ತಿಲ್ಲದ ಹುಡಿಯನ್ನು ಬೆವರಿಗೆಂದು ಕೊಟ್ಟರೆ ಮೈಗೆ ಮುಟ್ಟಿಸಬೇಡಿ. ಪಟಿಕದ ವಿಷಯ ಬೇರೆ. ನಮ್ಮ ಅಜ್ಜಂದಿರು ಕ್ಷೌರದ ನಂತರ ಉಜ್ಜಿಕೊಳ್ಳುತ್ತಿದ್ದ ಫಟ್ಕಡಿ ಅಲ್ಯುಮಿನಿಯಂನ ಒಂದು ಲವಣ. ಇಂದು ಔಷಧದಂಗಡಿಯಲ್ಲಿ ಸಿಗುವ ಬೆವರು ತಡೆಯುವ ದ್ರವದಲ್ಲಿ ಇರುವುದೂ ಅಲ್ಯುಮಿನಿಯಂನ ಲವಣವೇ, ಇನ್ನೂ ಪ್ರಬಲವಾದದ್ದು.

ಬೆವರಿನ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1833ರಲ್ಲಿ, ಬ್ರೆಸ್ಲಾವ್ ನಗರದಲ್ಲಿ. ಪುರ್ಕಿಂಜೆ ಎಂಬ ವಿಜ್ಞಾನಿ ಮತ್ತು ಅವರ ವಿದ್ಯಾರ್ಥಿ ವೆಂಡ್ಟ್ ಚರ್ಮದೊಳಗೆ ಸುರುಳಿ ಸುತ್ತಿದ ಸಣ್ಣ ನಳಿಕೆಗಳನ್ನು ವಿವರಿಸಿದರು. ಒಬ್ಬ ಮನುಷ್ಯನ ಮೈಯಲ್ಲಿ ಇಂಥವು 20ರಿಂದ 40 ಲಕ್ಷ. ಅಂಗೈ ಅಂಗಾಲುಗಳಲ್ಲಿ ಎಲ್ಲಕ್ಕಿಂತ ದಟ್ಟ. 1870ರ ದಶಕದಲ್ಲಿ ಬೆಕ್ಕಿನ ಕಾಲಿನ ನರಕ್ಕೆ ವಿದ್ಯುತ್ ಮುಟ್ಟಿಸಿದಾಗ ಅದರ ಪಾದದಲ್ಲಿ ಬೆವರು ಹನಿಯುವುದನ್ನು ಜರ್ಮನ್ ಶರೀರವಿಜ್ಞಾನಿಗಳು ತೋರಿಸಿದರು. ಬೆವರು ತಾನಾಗಿ ಸೋರುವುದಲ್ಲ, ನರದ ಆಜ್ಞೆಯಿಂದ ಬರುವುದು ಎಂದು ಗೊತ್ತಾಯಿತು.

ಆ ಆಜ್ಞೆ ಒಂದೇ ಬಗೆಯದ್ದಲ್ಲ ಎಂದು ತಾಳ್ಮೆಯಿಂದ ಬಿಡಿಸಿ ತೋರಿಸಿದವರು ಯಾಸ್ ಕೂನೋ ಎಂಬ ಜಪಾನಿ ವಿಜ್ಞಾನಿ. ಮಂಚೂರಿಯಾದ ಮುಕ್ಡೆನ್‌ನಲ್ಲಿದ್ದ ವೈದ್ಯಕೀಯ ಕಾಲೇಜಿನಲ್ಲಿ ಅವರು ವರ್ಷಗಟ್ಟಲೆ ಬೆವರನ್ನೇ ಅಳೆದು 1934ರಲ್ಲಿ ಪುಸ್ತಕ ಬರೆದರು. ಬಿಸಿಯ ಕೋಣೆಯಲ್ಲಿ ಕೂರಿಸಿದರೆ ಹಣೆ, ಎದೆ, ಬೆನ್ನು ಬೆವರುತ್ತವೆ. ಅಂಗೈ ಆ ಬಿಸಿಗೆ ಅಷ್ಟಾಗಿ ಓಗೊಡುವುದಿಲ್ಲ. ಅದೇ ಮನುಷ್ಯನಿಗೆ ಮನಸ್ಸಿನಲ್ಲೇ ಒಂದು ಲೆಕ್ಕ ಮಾಡಲು ಹೇಳಿದರೆ ಅಂಗೈ ಕೂಡಲೇ ಒದ್ದೆಯಾಗುತ್ತದೆ, ಬೆನ್ನು ಒಣಗಿಯೇ ಇರುತ್ತದೆ. ನಿದ್ದೆ ಬಂದಾಗ ಅಂಗೈಯ ಬೆವರು ನಿಲ್ಲುತ್ತದೆ. ಬಿಸಿಲಿನ ಬೆವರು ಒಂದು, ಮನಸ್ಸಿನ ಬೆವರು ಇನ್ನೊಂದು. ಹುಟ್ಟಿದ ಮೊದಲ ಎರಡು ವರ್ಷ ಮಗು ಬೆಳೆಯುವ ಹವೆಯೇ ಅದರ ಎಷ್ಟು ಗ್ರಂಥಿಗಳು ಕೆಲಸಕ್ಕೆ ಇಳಿಯುತ್ತವೆ ಎಂಬುದನ್ನು ನಿರ್ಧರಿಸುತ್ತದೆ ಎಂದೂ ಅವರು ಕಂಡರು.

ನಮ್ಮ ಹುಡುಗರ ಒದ್ದೆ ಅಂಗೈ ಇಲ್ಲಿ ಅರ್ಥವಾಗುತ್ತದೆ. ವೈದ್ಯರು ಇದನ್ನು ಹೈಪರ್‌ಹೈಡ್ರೋಸಿಸ್ ಎನ್ನುತ್ತಾರೆ. ಗ್ರಂಥಿಗಳು ಸರಿಯಾಗಿಯೇ ಇವೆ, ಅವುಗಳಿಗೆ ಬರುವ ನರದ ಆಜ್ಞೆ ಅತಿಯಾಗಿದೆ. ಸಾಮಾನ್ಯವಾಗಿ ಬಾಲ್ಯದಲ್ಲಿ ಅಥವಾ ಹದಿವಯಸ್ಸಿನಲ್ಲಿ ಶುರುವಾಗುತ್ತದೆ. ಎರಡೂ ಅಂಗೈ, ಎರಡೂ ಅಂಗಾಲು, ಎರಡೂ ಕಂಕುಳು ಒಂದೇ ಸಮ ಬೆವರುತ್ತವೆ, ನಿದ್ದೆಯಲ್ಲಿ ನಿಲ್ಲುತ್ತದೆ. ಅನೇಕರ ಮನೆಯಲ್ಲಿ ತಂದೆಗೋ ಚಿಕ್ಕಮ್ಮನಿಗೋ ಇದೇ ಇರುತ್ತದೆ. ಹೆದರುಪುಕ್ಕ ಎಂದು ಗೇಲಿ ಮಾಡಿದರೆ ಇನ್ನಷ್ಟು ಬೆವರುತ್ತದೆ, ಅಷ್ಟೇ. ಆ ಹುಡುಗನಿಗೆ ಧೈರ್ಯದ ಕೊರತೆ ಇಲ್ಲ.

ಗೇಲಿಯಿಂದ ಹಣ ಮಾಡಿದವರೂ ಇದ್ದಾರೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಒಬ್ಬ ಶಸ್ತ್ರವೈದ್ಯರು ಶಸ್ತ್ರಚಿಕಿತ್ಸೆಯ ವೇಳೆ ಕೈ ಬೆವರಬಾರದೆಂದು ಅಲ್ಯುಮಿನಿಯಂ ಕ್ಲೋರೈಡಿನ ದ್ರವವನ್ನು ಮಾಡಿಕೊಂಡರು. ಅವರ ಮಗಳು ಎಡ್ನಾ ಮರ್ಫಿ ಅದನ್ನು ‘ಓಡೊರೋನೋ’ ಎಂಬ ಹೆಸರಿನಲ್ಲಿ ಮಾರಲು ಹೊರಟು, 1912ರ ಬೇಸಿಗೆಯ ಅಟ್ಲಾಂಟಿಕ್ ಸಿಟಿ ಪ್ರದರ್ಶನದಲ್ಲಿ ಮಳಿಗೆ ಹಾಕಿದರು. ಅಂದಿನ ಆ ಕೆಂಪು ದ್ರವ ಚರ್ಮವನ್ನು ಉರಿಸುತ್ತಿತ್ತು, ಬಟ್ಟೆಯನ್ನೂ ಹಾಳು ಮಾಡುತ್ತಿತ್ತು. 1919ರಲ್ಲಿ ಜೇಮ್ಸ್ ವೆಬ್ ಯಂಗ್ ಎಂಬ ಜಾಹೀರಾತು ಬರಹಗಾರ ಮಹಿಳಾ ಪತ್ರಿಕೆಯೊಂದರಲ್ಲಿ ಹೊಸ ಬಗೆಯ ಜಾಹೀರಾತು ಹಾಕಿದ. ನಿಮ್ಮ ಮೈ ವಾಸನೆ ನಿಮಗೆ ತಿಳಿಯದು, ನಿಮ್ಮ ಬೆನ್ನ ಹಿಂದೆ ಉಳಿದವರೆಲ್ಲ ಮಾತಾಡುತ್ತಿದ್ದಾರೆ ಎಂಬ ಭಯವನ್ನು ಹೆಂಗಸರಲ್ಲಿ ಬಿತ್ತುವುದೇ ಅದರ ತಂತ್ರ. ಸಿಟ್ಟಾದ ಸುಮಾರು 200 ಓದುಗರು ಪತ್ರಿಕೆಯ ಚಂದಾ ನಿಲ್ಲಿಸಿದರು. ಮಾರಾಟ ಮಾತ್ರ ಒಂದೇ ವರ್ಷದಲ್ಲಿ ಇಮ್ಮಡಿ ಮೀರಿತು. ಇಂದಿನ ಟಿವಿಯಲ್ಲಿ ಕಾಣುವ ಸ್ಪ್ರೇ ಜಾಹೀರಾತುಗಳೆಲ್ಲ ಆ ವಂಶದವು. ಎಲ್ಲರಿಗೂ ಸಮಾನವಾಗಿ, ಕಾರಣ ಅರಿತು ಹೇಳಿದ ಮದೀನಾದ ಆ ಮಾತು ಎಲ್ಲಿ, ಒಬ್ಬೊಬ್ಬರನ್ನೇ ಒಳಗೊಳಗೆ ನಾಚಿಸುವ ಈ ಮಾತು ಎಲ್ಲಿ!

ಆದರೂ ನ್ಯಾಯವಾಗಿ ಹೇಳಬೇಕಾದರೆ, ಆ ಅಲ್ಯುಮಿನಿಯಂ ಕ್ಲೋರೈಡೇ ಇಂದಿಗೂ ವೈದ್ಯರ ಮೊದಲ ಮದ್ದು. 1975ರಲ್ಲಿ ಶೆಲ್ಲಿ ಮತ್ತು ಹರ್ಲಿ ಎಂಬ ಚರ್ಮತಜ್ಞರು ಅದನ್ನು ಬಳಸುವ ಕ್ರಮವನ್ನು ಸುಧಾರಿಸಿದರು. ರಾತ್ರಿ ಮಲಗುವಾಗ, ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಬೆಳಿಗ್ಗೆ ಮಿಂದ ಕೂಡಲೇ ಒದ್ದೆ ಮೈಗೆ ಹಚ್ಚಿ ಉರಿ ತಂದುಕೊಂಡು, ಇದು ನಮಗಾಗದು ಎಂದು ಬಿಡುವವರೇ ಹೆಚ್ಚು. ಕೂದಲು ತೆಗೆದ ದಿನ ಹಚ್ಚಬಾರದು. ಮೊದಲ ಕೆಲವು ರಾತ್ರಿ ಸತತವಾಗಿ ಹಚ್ಚಿ, ಬೆವರು ಇಳಿದ ಮೇಲೆ ವಾರಕ್ಕೆ ಒಂದೆರಡು ಸಲ ಸಾಕಾಗುತ್ತದೆ.

ಅಂಗೈ ಅಂಗಾಲಿಗೆ ಇನ್ನೊಂದು ದಾರಿ ಇದೆ. ತಟ್ಟೆಯಲ್ಲಿ ನಲ್ಲಿ ನೀರು ಹಾಕಿ, ಕೈಯಿಟ್ಟು, ಬಹಳ ಸಣ್ಣ ಪ್ರಮಾಣದ ವಿದ್ಯುತ್ತನ್ನು ಇಪ್ಪತ್ತು ಮೂವತ್ತು ನಿಮಿಷ ಹಾಯಿಸುವ ಅಯಾಂಟೊಫೊರೆಸಿಸ್. ಬೌಮನ್ ಮತ್ತು ಲೆಂಟ್ಸರ್ 1952ರಲ್ಲಿ ಇದನ್ನು ವರದಿ ಮಾಡಿದರು, 1968ರಲ್ಲಿ ಲೆವಿಟ್ ಸರಳ ಉಪಕರಣ ರೂಪಿಸಿದರು. ವಾರಕ್ಕೆ ಕೆಲವು ಬಾರಿಯಂತೆ ಶುರುಮಾಡಬೇಕು. ಗರ್ಭಿಣಿಯರಿಗೆ, ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರಿಗೆ ಇದು ಸಲ್ಲದು. ಯಾರೂ ಮನೆಯಲ್ಲಿ ಬ್ಯಾಟರಿ ತಂತಿ ಜೋಡಿಸಿ ಪ್ರಯೋಗ ಮಾಡಬಾರದು. ಕಂಕುಳಿಗೆ ಬೊಟುಲಿನಂ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ಸಿಕ್ಕಿತು. ಕೆಲವು ತಿಂಗಳ ಪರಿಹಾರ ಕೊಡುತ್ತದೆ, ಖರ್ಚು ಜಾಸ್ತಿ. ಮಾತ್ರೆಗಳೂ ಇವೆ, ಬಾಯಿ ಒಣಗಿಸುತ್ತವೆ. ಅವು ಇಡೀ ಮೈಯ ಬೆವರನ್ನು ತಗ್ಗಿಸುವುದರಿಂದ ಬಿಸಿಲಿನಲ್ಲಿ ದುಡಿಯುವವರು ವೈದ್ಯರಿಗೆ ತಮ್ಮ ಕೆಲಸವನ್ನು ಹೇಳದೆ ತೆಗೆದುಕೊಳ್ಳಬಾರದು.

ಶಸ್ತ್ರಚಿಕಿತ್ಸೆಯ ಬಗ್ಗೆ ಮಾತ್ರ ನಾವು ಸ್ವಲ್ಪ ತಡೆದು ಮಾತಾಡುತ್ತೇವೆ. ಬೆವರಿನ ಆಜ್ಞೆ ಒಯ್ಯುವ ನರವನ್ನು ಕಡಿಯುವ ಕ್ರಮವನ್ನು 1920ರಲ್ಲಿ ಕೊಟ್ಝಾರೆಫ್ ಎಂಬ ವೈದ್ಯರು ಮೊದಲು ಮಾಡಿದರು. ಈಗ ಎದೆಯಲ್ಲಿ ಸಣ್ಣ ರಂಧ್ರ ಮಾಡಿ ದುರ್ಬೀನಿನಿಂದ ಮಾಡುತ್ತಾರೆ. ಅಂಗೈ ಅದೇ ದಿನ ಒಣಗುತ್ತದೆ. ಆದರೆ ಬಹಳ ಮಂದಿಗೆ ಆ ಬೆವರು ಬೆನ್ನಿಗೆ, ಹೊಟ್ಟೆಗೆ, ತೊಡೆಗೆ ತಿರುಗುತ್ತದೆ. ಕೆಲವರಿಗೆ ಅದು ಮೊದಲಿನದಕ್ಕಿಂತ ಹೆಚ್ಚಾಗುತ್ತದೆ, ಮತ್ತು ಕಡಿದ ನರವನ್ನು ಮತ್ತೆ ಜೋಡಿಸಲಾಗದು. ಮದುವೆ ಹತ್ತಿರವಾಯಿತೆಂದು ಅವಸರದಲ್ಲಿ ಮಕ್ಕಳನ್ನು ಇದಕ್ಕೆ ಒಪ್ಪಿಸುವ ಮೊದಲು ಉಳಿದ ದಾರಿಗಳೆಲ್ಲ ಮುಗಿದಿರಬೇಕು.

ಎಲ್ಲ ಅತಿ ಬೆವರೂ ಹುಟ್ಟಿನ ಸ್ವಭಾವವಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ. ಇದುವರೆಗೆ ಇಲ್ಲದಿದ್ದದ್ದು ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾದರೆ, ಇಡೀ ಮೈ ಬೆವರಿದರೆ, ಪರೀಕ್ಷೆ ಮಾಡಿಸಬೇಕು. ಕೈ ನಡುಕ, ಎದೆಬಡಿತ, ತೂಕ ಇಳಿಯುವುದು ಜೊತೆಗಿದ್ದರೆ ಥೈರಾಯ್ಡ್ ನೋಡಿಸಬೇಕು. ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಕೆಮ್ಮು, ಸಂಜೆ ಜ್ವರ ಇದ್ದರೆ ಕ್ಷಯದ ಪರೀಕ್ಷೆ ಬೇಕು. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ರಮಝಾನಿನಲ್ಲಿ ಅಸರ್ ಹೊತ್ತಿಗೆ ಇದ್ದಕ್ಕಿದ್ದಂತೆ ತಣ್ಣಗೆ ಬೆವತು ನಡುಗಿದರೆ ಅದು ರಕ್ತದಲ್ಲಿ ಸಕ್ಕರೆ ಕುಸಿದ ಲಕ್ಷಣ. ಉಪವಾಸ ಬಿಟ್ಟು ಕೂಡಲೇ ಸಿಹಿ ತಿನ್ನಬೇಕು. ಇಫ್ತಾರಿಗೆ ಇನ್ನು ಅರ್ಧ ಗಂಟೆ ಎಂದು ಸಹಿಸಿಕೊಂಡು ಕೂತರೆ ಪ್ರಾಣಾಪಾಯವಾಗಬಹುದು. ಎದೆನೋವಿನ ಜೊತೆ ತಣ್ಣನೆಯ ಬೆವರು ಬಂದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬೆವರೇ ಬಾರದಿರುವುದೂ ಅಪಾಯ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಮೈಯಿಂದ ಒಯ್ಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅದು ಆವಿಯಾಗದೆ ಬರಿದೆ ತೊಟ್ಟಿಕ್ಕುತ್ತದೆ. ನಮಗೆ ಬೆವರು ಹೆಚ್ಚು, ತಂಪು ಕಡಿಮೆ. ಗಲ್ಫ್‌ನ ಕಡಲ ತೀರದ ಊರುಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಇದರ ಜೊತೆ 45 ಡಿಗ್ರಿ ಬಿಸಿಲೂ ಇದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲು ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ನಿಷೇಧಿಸಿರುವುದು ಈ ಲೆಕ್ಕದಿಂದಲೇ. ಬಿಸಿಲಲ್ಲಿ ದುಡಿಯುತ್ತಿದ್ದವನ ಮೈ ಕೆಂಡದಂತಾಗಿ ಮಾತು ತೊದಲಿದರೆ, ಬೆವರಿರಲಿ ಇಲ್ಲದಿರಲಿ, ನೆರಳಿಗೆ ಒಯ್ದು ಮೈಗೆ ನೀರು ಸುರಿಯಬೇಕು, ಆಸ್ಪತ್ರೆಗೆ ಕರೆ ಮಾಡಬೇಕು.

ಮೇ ತಿಂಗಳ ಒಂದು ಶುಕ್ರವಾರ ನಮ್ಮೂರಿನ ಮಸೀದಿಯಲ್ಲಿ ನಾವು ಕಂಡದ್ದನ್ನು ಹೇಳಿ ನಿಲ್ಲಿಸುತ್ತೇವೆ. ಪಕ್ಕದ ಕಟ್ಟಡದಲ್ಲಿ ಕಾಂಕ್ರೀಟ್ ಹೊರುತ್ತಿದ್ದ ನಾಲ್ವರು ಬಾಂಗ್ ಕೇಳಿ ಬಂದರು. ಅಂಗಿ ಬೆನ್ನಿಗೆ ಅಂಟಿತ್ತು. ಒಳಗೆ ಎರಡು ಸಫ್‌ಗಳಷ್ಟು ಜಾಗವಿದ್ದರೂ ಅವರು ಚಪ್ಪಲಿ ಬಿಡುವ ಜಗಲಿಯ ಮೇಲೆಯೇ ತಮ್ಮ ಬೈರಾಸು ಹಾಸಿ ನಿಂತರು. ಯಾರೂ ಬೇಡ ಎಂದಿರಲಿಲ್ಲ, ಯಾರೂ ಬನ್ನಿ ಎಂದೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಮರುವಾರ ಒಬ್ಬ ಹಿರಿಯರು ವುಝೂಖಾನೆಯ ಮೂಲೆಯಲ್ಲಿ ಹಲಗೆಯ ಬಾಗಿಲಿಟ್ಟು ಒಂದು ಮರೆ ಮಾಡಿಸಿದರು. ಒಳಗೆ ಬಕೆಟ್, ಸಾಬೂನು, ಹಗ್ಗದ ಮೇಲೆ ಒಗೆದ ನಾಲ್ಕು ಬೈರಾಸು, ಗೂಡಿನಲ್ಲಿ ಒಂದು ಸಣ್ಣ ಅತ್ತರ್ ಶೀಶೆ ಇದ್ದವು. ಶುಕ್ರವಾರ ಹನ್ನೆರಡಕ್ಕೆ ಟ್ಯಾಂಕಿಗೆ ನೀರು ತುಂಬಿಸುವ ಕೆಲಸವನ್ನು ಮುಕ್ರಿಯವರು ವಹಿಸಿಕೊಂಡರು.